ಗಾರ್ಡಿಯನ್ ಆದೇಶ ಆದ ಮೇಲೆ ಲೆಕ್ಕ ಕೇಳುವುದು ಹೇಗೆ: ಮಂಡ್ಯ, ಮೈಸೂರಿನವರಿಗೆ ಸಮಗ್ರ ಮಾರ್ಗದರ್ಶಿ

ಮಗನಿಗೆ 18 ತುಂಬಿತು, ಬೌದ್ಧಿಕ ವಿಕಲತೆ ಇದೆ, ಬ್ಯಾಂಕಿನವರು ಗಾರ್ಡಿಯನ್ ಪತ್ರ (ಕಾನೂನು ಪ್ರಕಾರ ಪೋಷಕರು ಯಾರು ಅಂತ ಹೇಳುವ ಆದೇಶ) ಕೇಳುತ್ತಿದ್ದಾರೆ, ಏನು ಮಾಡಲಿ? ಈ ಪ್ರಶ್ನೆಗೆ ಉತ್ತರ ಹೇಳುವವರು ನಮ್ಮ ಕಡೆ ಸಿಗುತ್ತಾರೆ. ಯಾವ ಅರ್ಜಿ, ಯಾವ ಸರ್ಟಿಫಿಕೇಟು, ಎಷ್ಟು ಫೋಟೋ, ಎಲ್ಲ ಹೇಳುತ್ತಾರೆ. ಆದರೆ ಪತ್ರ ಕೈಗೆ ಬಂದ ಮೇಲೆ ಆ ಗಾರ್ಡಿಯನ್ ಏನು ಮಾಡುತ್ತಿದ್ದಾರೆ, ದುಡ್ಡು ಎಲ್ಲಿಗೆ ಹೋಗುತ್ತಿದೆ, ಆ ವ್ಯಕ್ತಿ ಹೊಟ್ಟೆ ತುಂಬ ಉಣ್ಣುತ್ತಿದ್ದಾರಾ ಅಂತ ನೋಡುವವರು ಯಾರು? ಅಪ್ಪ ಅಮ್ಮ ಇರುವ ತನಕ ಈ ಪ್ರಶ್ನೆ ಯಾರಿಗೂ ಬರುವುದಿಲ್ಲ. ಅವರು ಹೋದ ಮೇಲೆ ಅಣ್ಣನೋ, ಚಿಕ್ಕಪ್ಪನೋ, ಒಂದು ಸಂಸ್ಥೆಯೋ ಗಾರ್ಡಿಯನ್ ಆಗುತ್ತದೆ. ಆಗ ಕೇಳುವವರು ಇಲ್ಲದೇ ಹೋದರೆ ಎಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ.

ಲೆಕ್ಕ ಕೇಳುವ ದಾರಿಯನ್ನು ಕಾನೂನೇ ಹಾಕಿಟ್ಟಿದೆ. ಅದನ್ನು ಬಳಸುವವರು ಕಡಿಮೆ, ಅಷ್ಟೇ. ಗಾರ್ಡಿಯನ್ ಆಗಿರುವ ಬಹಳಷ್ಟು ಜನ ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ, ಅದು ನನಗೆ ಗೊತ್ತು. ಅಂಥವರಿಗೂ ಲೆಕ್ಕ ಒಂದು ರಕ್ಷಣೆ. ನಾಳೆ ದಾಯಾದಿ ಯಾರಾದರೂ ಬೆರಳು ತೋರಿಸಿದರೆ ತೋರಿಸಲು ಕಾಗದ ಇರುತ್ತದೆ.

ಹಂತ 1: ಯಾವ ಕಾನೂನಿನ ಗಾರ್ಡಿಯನ್ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಇಲ್ಲಿ ಎಡವಿದರೆ ಮುಂದಿನ ಅರ್ಜಿಯೆಲ್ಲ ತಪ್ಪು ಕಚೇರಿಗೆ ಹೋಗುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಇದರಲ್ಲಿ ಗಾರ್ಡಿಯನ್ ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಕಚೇರಿಗಳಲ್ಲಿ ಇದನ್ನು ಎಲ್‌ಎಲ್‌ಸಿ ಅಂತಲೇ ಕರೆಯುತ್ತಾರೆ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ, ನ್ಯಾಷನಲ್ ಟ್ರಸ್ಟ್‌ನಲ್ಲಿ (ಈ ಕಾಯ್ದೆಯಡಿ ಇರುವ ಕೇಂದ್ರದ ಸಂಸ್ಥೆ) ನೋಂದಾಯಿಸಿದ ಒಂದು ಸಂಸ್ಥೆಯ ಪ್ರತಿನಿಧಿ, ವಿಕಲತೆ ಇರುವ ಒಬ್ಬ ವ್ಯಕ್ತಿ, ಇಷ್ಟು ಜನ ಅದರಲ್ಲಿ ಇರಬೇಕು. ಮಂಡ್ಯಕ್ಕೆ ಒಂದು, ಮೈಸೂರಿಗೆ ಒಂದು.

ಇನ್ನೊಂದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ ಕಲಂ 14ರಲ್ಲಿ ಸೀಮಿತ ಗಾರ್ಡಿಯನ್ ಅಂತ ಬರುತ್ತದೆ. ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರ ನೇಮಿಸುತ್ತದೆ. ಇಲ್ಲಿ ಗಾರ್ಡಿಯನ್ ಒಬ್ಬರೇ ತೀರ್ಮಾನ ಮಾಡುವಂತಿಲ್ಲ. ಆ ವ್ಯಕ್ತಿಯ ಜೊತೆ ಮಾತಾಡಿ, ಅವರ ಇಷ್ಟ ತಿಳಿದು, ಗೊತ್ತಾದ ಒಂದು ವಿಷಯಕ್ಕೆ, ಗೊತ್ತಾದ ಒಂದು ಅವಧಿಗೆ ಮಾತ್ರ ಇಬ್ಬರೂ ಸೇರಿ ತೀರ್ಮಾನ ಮಾಡಬೇಕು. ಈ ಕಾಯ್ದೆ ಬಂದ ದಿನದಿಂದ ಬೇರೆ ಯಾವುದೇ ಕಾನೂನಿನಲ್ಲಿ ನೇಮಕವಾದ ಗಾರ್ಡಿಯನ್ ಕೂಡ ಸೀಮಿತ ಗಾರ್ಡಿಯನ್ ಥರವೇ ನಡೆದುಕೊಳ್ಳಬೇಕು ಅಂತ ಅದೇ ಕಲಂ ಹೇಳುತ್ತದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ. "ನಾನು ಗಾರ್ಡಿಯನ್, ನಾನು ಹೇಳಿದ್ದೇ ಆಗಬೇಕು" ಅನ್ನುವವರಿಗೆ ತೋರಿಸಲು ಇದಕ್ಕಿಂತ ಗಟ್ಟಿ ಕಾಗದ ಇಲ್ಲ.

ಮಾನಸಿಕ ಕಾಯಿಲೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದರಲ್ಲಿ ಇರುವುದು ನಾಮನಿರ್ದೇಶಿತ ಪ್ರತಿನಿಧಿ. ಚಿಕಿತ್ಸೆಯ ವಿಷಯಕ್ಕೆ ಮಾತ್ರ ಅವರ ಮಾತು ನಡೆಯುತ್ತದೆ, ಆಸ್ತಿಗೆ ಅಲ್ಲ. ಆ ಪ್ರತಿನಿಧಿ ಮನೆ ಮಾರಿದ್ದಾರೆ ಅಂತ ಕೇಳಿದರೆ ಅಲ್ಲೇ ಅನುಮಾನ ಬರಬೇಕು. ಮರೆವಿನ ಕಾಯಿಲೆಯ ಹಿರಿಯರು, ಕೋಮಾದಲ್ಲಿ ಇರುವವರು ನ್ಯಾಷನಲ್ ಟ್ರಸ್ಟ್ ಪಟ್ಟಿಯೊಳಗೆ ಬರುವುದಿಲ್ಲ. ಕೋಮಾದಲ್ಲಿ ಇರುವವರ ಪರವಾಗಿ ಕುಟುಂಬದವರು ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಹಾಕುತ್ತಾರೆ. ಅಂಥ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ. ಹೀಗೆ ನೇಮಕವಾದ ಗಾರ್ಡಿಯನ್ ಕೋರ್ಟಿಗೇ ಉತ್ತರ ಹೇಳಬೇಕು, ಜಿಲ್ಲಾ ಸಮಿತಿಗೆ ಅಲ್ಲ.

ಇಲ್ಲಿಂದ ಮುಂದೆ ಜಾಸ್ತಿ ಹೇಳುವುದು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಬಗ್ಗೆ. ನಮ್ಮ ಎರಡು ಜಿಲ್ಲೆಗಳ ಸಾಮಾನ್ಯ ಮನೆಗಳಿಗೆ ಹತ್ತಿರ ಇರುವುದು ಅದೇ.

ಹಂತ 2: ಆದೇಶದ ಪ್ರತಿ ಓದಿ, ಪೂರ್ತಿ ಓದಿ

ಗಾರ್ಡಿಯನ್ ಬೇಕು ಅಂತ ಅರ್ಜಿ ಬಂದಾಗ ಸಮಿತಿ ಎರಡು ವಿಷಯ ನೋಡಲೇಬೇಕು. ಈ ವ್ಯಕ್ತಿಗೆ ನಿಜವಾಗಿ ಗಾರ್ಡಿಯನ್ ಬೇಕಾ? ಬೇಕಿದ್ದರೆ ಯಾವ ಕೆಲಸಕ್ಕೆ? ಇದು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕಲಂ 14ರಲ್ಲಿ ಇದೆ. ಹಾಗಾಗಿ ಆದೇಶದಲ್ಲಿ ಕೆಲಸ ಏನು ಅಂತ ಬರೆದಿದೆಯಾ ನೋಡಿ. ಆರೈಕೆಗೆ ಮಾತ್ರವಾ, ಆಸ್ತಿ ನಿರ್ವಹಣೆಗೂ ಸೇರಿಯಾ? ಬರೀ ಬ್ಯಾಂಕ್ ಖಾತೆ ನಡೆಸಲು ಅಂತ ಆದೇಶ ಮಾಡಿಸಿಕೊಂಡು, ಅದೇ ಕಾಗದ ಹಿಡಿದು ಗದ್ದೆ ಕ್ರಯಕ್ಕೆ ಹೊರಟವರು ಇದ್ದಾರೆ. ಸಬ್ ರಿಜಿಸ್ಟ್ರಾರ್ ಮುಂದೆ ಎಲ್ಲರೂ ಸಹಿ ಮಾಡಿ ಬಂದ ಮೇಲೆ ಗೊತ್ತಾದರೆ ಬಿಡಿಸುವುದು ವರ್ಷಗಳ ಕೆಲಸ.

ಗಾರ್ಡಿಯನ್ ಆಗುವವರಿಗೂ ನಿಯಮಗಳಲ್ಲಿ ಷರತ್ತುಗಳಿವೆ. ಭಾರತದ ನಾಗರಿಕರಾಗಿರಬೇಕು, ಅಪರಾಧದಲ್ಲಿ ಶಿಕ್ಷೆ ಆಗಿರಬಾರದು, ದಿವಾಳಿ ಅಂತ ಘೋಷಣೆ ಆಗಿರಬಾರದು, ತಮ್ಮ ಜೀವನಕ್ಕೇ ಇನ್ನೊಬ್ಬರನ್ನು ನಂಬಿಕೊಂಡಿರಬಾರದು. ಕೊನೆಯ ಎರಡನ್ನು ಯಾರೂ ವಿಚಾರಿಸುವುದಿಲ್ಲ. ಸಾಲದಲ್ಲಿ ಮುಳುಗಿದ ಒಬ್ಬರ ಕೈಗೆ ತಮ್ಮನ ಪಾಲಿನ ಜಮೀನು ಕೊಟ್ಟರೆ ಏನಾಗಬಹುದು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಸಮಿತಿಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ನೀವು ರಕ್ತ ಸಂಬಂಧಿಯೋ, ಮದುವೆಯಿಂದ ಸಂಬಂಧಿಯೋ ಆಗಿದ್ದರೆ ಆದೇಶದ ಪ್ರತಿಯನ್ನು ನೇರವಾಗಿ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಿ. ಬಾಯಲ್ಲಿ ಕೇಳಿ ಬರಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಕಾಗದ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಹಂತ 3: ಎರಡು ಗಡುವು ಬರೆದಿಟ್ಟುಕೊಳ್ಳಿ

ಇಡೀ ಬರಹದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಯ್ದೆಯ ಕಲಂ 16 ಗಾರ್ಡಿಯನ್ ಮೇಲೆ ಎರಡು ಕೆಲಸ ಹಾಕಿದೆ.

ನೇಮಕವಾದ ದಿನದಿಂದ ಆರು ತಿಂಗಳೊಳಗೆ ಆಸ್ತಿ ಪಟ್ಟಿ ಕೊಡಬೇಕು. ಜಮೀನು, ಮನೆ, ಸೈಟು, ಒಡವೆ, ಠೇವಣಿ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ, ಎಲ್ಲ. ಇದಕ್ಕೆ ನಮೂನೆ ಸಿ ಇದೆ.

ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ 30ರ ಒಳಗೆ, ವರ್ಷದ ಲೆಕ್ಕ ಕೊಡಬೇಕು. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು. ಇದು ನಮೂನೆ ಡಿ.

ಎರಡನ್ನೂ ನೇಮಕ ಮಾಡಿದ ಸಮಿತಿಗೇ ಕೊಡಬೇಕು. ಇದು ಗಾರ್ಡಿಯನ್ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ಎಷ್ಟೋ ಗಾರ್ಡಿಯನ್‌ಗಳಿಗೆ ಇಂಥದ್ದೊಂದು ಇದೆ ಅಂತಲೇ ಯಾರೂ ಹೇಳಿರುವುದಿಲ್ಲ, ಆದೇಶ ಕೈಗಿಟ್ಟು ಕಳಿಸಿರುತ್ತಾರೆ. ಆದ್ದರಿಂದ ಮೊದಲ ಸಲ ಜಗಳಕ್ಕೆ ಹೋಗಬೇಡಿ. ಗಾರ್ಡಿಯನ್ ಹತ್ತಿರ ಕೂತು ಮೃದುವಾಗಿ ಕೇಳಿ, "ಲೆಕ್ಕ ಕೊಟ್ರಾ? ನಾನೂ ಜೊತೆಗೆ ಕೂತು ಬರೆಯಲಾ?" ಅಂತ. ಒಳ್ಳೆಯವರು ಖುಷಿಯಿಂದ ಒಪ್ಪುತ್ತಾರೆ. ಸಿಟ್ಟಾಗುವವರ ವಿಷಯ ಬೇರೆ, ಅವರ ಲೆಕ್ಕವನ್ನು ಇನ್ನೂ ಬೇಗ ನೋಡಬೇಕು.

ನೀವೇ ಗಾರ್ಡಿಯನ್ ಆಗಿದ್ದರೆ ಇವತ್ತೇ ಒಂದು ನೋಟ್‌ಬುಕ್ ತೆಗೆಯಿರಿ. ಆ ವ್ಯಕ್ತಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ನೀವು ಗಾರ್ಡಿಯನ್ ಆಗಿ ನಡೆಸಿ. ಅವರ ಹಣವನ್ನು ನಿಮ್ಮ ಖಾತೆಗೆ ಬೆರೆಸಬೇಡಿ. ಸಮಿತಿ ಕೊಟ್ಟ ಪತ್ರದ ಮೇಲೆ ಖಾತೆ ತೆರೆಯಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ, ಶಾಖೆಯವರು ಆಗಲ್ಲ ಅಂದರೆ ಬರೆದು ಕೊಡಿ ಅನ್ನಿ.

ಹಂತ 4: ಆಸ್ತಿಯನ್ನು ನೀವೇ ಪರಿಶೀಲಿಸಿ

ಸಮಿತಿಗೆ ಕೊಟ್ಟ ಪಟ್ಟಿ ನಿಜವಾ ಅಂತ ನೋಡಲು ಯಾರ ಅನುಮತಿಯೂ ಬೇಕಿಲ್ಲದ ದಾಖಲೆಗಳು ಇವೆ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಪೋರ್ಟಲ್‌ನಲ್ಲಿ ಪಹಣಿ ಯಾರು ಬೇಕಾದರೂ ನೋಡಬಹುದು. ಖಾತೆದಾರರ ಹೆಸರಿನ ಕಾಲಂ ನೋಡಿ, ಹಕ್ಕು ಮತ್ತು ಋಣದ ಕಾಲಂ ನೋಡಿ. ಮ್ಯುಟೇಶನ್ (ಖಾತೆ ಬದಲಾವಣೆ) ಬಾಕಿ ಇದೆಯಾ ನೋಡಿ. ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರ ತೆಗೆಸಿದರೆ ಆ ಆಸ್ತಿಯ ಮೇಲೆ ಆದ ಕ್ರಯ, ಅಡಮಾನ, ದಾನಪತ್ರ ಎಲ್ಲ ಬರುತ್ತದೆ. ದಾನಪತ್ರ, ಹಕ್ಕು ಬಿಡುಗಡೆ ಪತ್ರ, ಇವೆರಡರ ಮೇಲೆ ವಿಶೇಷ ಕಣ್ಣಿಡಿ. ಬೌದ್ಧಿಕ ವಿಕಲತೆ ಇರುವ ತಂಗಿಯ ಹೆಬ್ಬೆಟ್ಟು ಒತ್ತಿಸಿ ಪಾಲು ಬಿಡಿಸಿಕೊಳ್ಳುವುದಕ್ಕೆ ಬಳಸುವ ದಾರಿ ಇದೇ.

ಮಂಡ್ಯ ಕಡೆಯವರು ಇನ್ನಷ್ಟು ನೋಡಬೇಕು. ನಾಲೆ ಕೆಳಗಿನ ಗದ್ದೆ ಗುತ್ತಿಗೆಗೆ ಹೋಗಿದೆಯಾ? ಗುತ್ತಿಗೆ ಹಣ ಯಾರ ಕೈಗೆ ಬರುತ್ತಿದೆ? ಕಬ್ಬು ಯಾರ ಹೆಸರಿನಲ್ಲಿ ಕಾರ್ಖಾನೆಗೆ ಹೋಗುತ್ತಿದೆ, ಬಿಲ್ಲು ಯಾರ ಖಾತೆಗೆ ಬೀಳುತ್ತಿದೆ? ಡೇರಿಯ ಹಾಲಿನ ದುಡ್ಡು? ಬೆಂಗಳೂರು–ಮೈಸೂರು ಹೆದ್ದಾರಿಗೆ ಜಮೀನು ಹೋದ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆ ವ್ಯಕ್ತಿಯ ಪಾಲಿನ ಪರಿಹಾರ ಬಂತಾ, ಬಂದಿದ್ದರೆ ಠೇವಣಿಯಾಗಿ ಉಳಿದಿದೆಯಾ, ಇಲ್ಲ ಯಾರದೋ ಮನೆಯ ಎರಡನೇ ಮಹಡಿ ಆಗಿದೆಯಾ? ಒಂದೇ ಸಲಕ್ಕೆ ದೊಡ್ಡ ಮೊತ್ತ ಬಂದಾಗ ತಪ್ಪು ಆಗುವುದು ಜಾಸ್ತಿ.

ಮೈಸೂರು ನಗರದಲ್ಲಿ ಇದು ಬಾಡಿಗೆಯ ರೂಪದಲ್ಲಿ ಬರುತ್ತದೆ. ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಅಪ್ಪ ಕಟ್ಟಿಸಿದ ಮನೆ, ಕೆಳಗೆ ಬಾಡಿಗೆದಾರರು, ಮೇಲೆ ಅಣ್ಣನ ಸಂಸಾರ, ತಮ್ಮ ಮಾತ್ರ ಊರಾಚೆಯ ಒಂದು ವಸತಿ ಕೇಂದ್ರದಲ್ಲಿ. ಬಾಡಿಗೆಯಲ್ಲಿ ಆ ತಮ್ಮನ ಪಾಲು ವರ್ಷದ ಲೆಕ್ಕದಲ್ಲಿ ಕಾಣುತ್ತಿದೆಯಾ? ಪಿಂಚಣಿ, ಕುಟುಂಬ ಪಿಂಚಣಿ, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ, ಇವುಗಳ ಕಥೆ ಏನು? ಪಾಸ್‌ಬುಕ್ ಎಂಟ್ರಿ ಹಾಕಿಸಿ ಎಷ್ಟು ಕಾಲ ಆಯಿತು ಅಂತ ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ.

ಹಂತ 5: ಕಾಗದ ಬಿಟ್ಟು ಆ ವ್ಯಕ್ತಿಯನ್ನು ನೋಡಿ

ಲೆಕ್ಕ ಸರಿಯಿದ್ದು ಮನುಷ್ಯ ಬತ್ತಿ ಹೋಗಿರಬಹುದು. ಹೋಗಿ ನೋಡಿ. ಹೇಳದೇ ಹೋಗಿ, ಹಬ್ಬದ ದಿನ ಬಿಟ್ಟು ಬೇರೆ ದಿನ ಹೋಗಿ. ಯುಗಾದಿಗೆ, ದಸರಾಕ್ಕೆ ಎಲ್ಲರ ಮೈಮೇಲೂ ಹೊಸ ಬಟ್ಟೆ ಇರುತ್ತದೆ.

ಏನು ನೋಡಬೇಕು ಅಂತ ನ್ಯಾಷನಲ್ ಟ್ರಸ್ಟ್ ನಿಯಮಗಳೇ ಹೇಳುತ್ತವೆ. ತುಂಬಾ ಹೊತ್ತು ಒಂಟಿಯಾಗಿ ಕೂಡಿ ಹಾಕುವುದು, ಸರಪಳಿ ಹಾಕುವುದು, ಬಾಸುಂಡೆ ಬರುವ ಹಾಗೆ ಹೊಡೆಯುವುದು, ಲೈಂಗಿಕ ದೌರ್ಜನ್ಯ, ಊಟ ನೀರು ಬಟ್ಟೆ ಕೊಡದೇ ಇರುವುದು, ತಜ್ಞರು ಹೇಳಿದ ತರಬೇತಿ ಕೊಡಿಸದೇ ಇರುವುದು, ಆಸ್ತಿಯನ್ನು ದುರುಪಯೋಗ ಮಾಡುವುದು, ನೋಡಿಕೊಳ್ಳಲು ಬೇಕಾದ ಜನ ಮತ್ತು ಸೌಕರ್ಯ ಇಲ್ಲದೇ ಇರುವುದು. ಇವೆಲ್ಲ ದೌರ್ಜನ್ಯ ಅಥವಾ ನಿರ್ಲಕ್ಷ್ಯ. "ಓಡಿ ಹೋಗ್ತಾನೆ, ಅದಕ್ಕೇ ಕಟ್ಟಿ ಹಾಕಿದ್ದೀವಿ" ಅನ್ನುವ ಮಾತು ಹಳ್ಳಿಗಳಲ್ಲಿ ಈಗಲೂ ಕೇಳುತ್ತದೆ. ಅದನ್ನು ಹೇಳುವವರು ಕೆಟ್ಟವರೇ ಆಗಿರಬೇಕಿಲ್ಲ, ದಿಕ್ಕು ಕಾಣದ ತಾಯಿಯೂ ಆಗಿರಬಹುದು. ಆದರೂ ಸರಪಳಿ ತೆಗೆಯಬೇಕು. ಆ ಮನೆಗೆ ಸಹಾಯ ತರಿಸಬೇಕು.

ಆ ವ್ಯಕ್ತಿಯನ್ನೇ ಕೇಳಿ. ಮಾತು ಬಾರದಿದ್ದರೆ ಚಿತ್ರ, ಸನ್ನೆ, ಮುಖದ ಭಾವ, ಎಲ್ಲ ಉತ್ತರವೇ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿಲ್ಲದೇ ಸಂವಹನ ಮಾಡುವ ವಿಧಾನಗಳನ್ನು ಕಲಿಸುತ್ತಾರೆ. ಮೈಸೂರು, ಮಂಡ್ಯದವರಿಗೆ ಇದು ಬಾಗಿಲಲ್ಲೇ ಇರುವ ಭಾಗ್ಯ. ಗಾರ್ಡಿಯನ್ ಎದುರಿಗೆ ಕೇಳಬೇಡಿ, ಸ್ವಲ್ಪ ದೂರ ಕರೆದುಕೊಂಡು ಹೋಗಿ ಕೇಳಿ. ಗಾರ್ಡಿಯನ್ ಹೆಸರು ಹೇಳಿದ ತಕ್ಷಣ ಮೈ ಮುದುಡಿಕೊಂಡರೆ ಅದನ್ನೂ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.

ಹಳ್ಳಿಯಲ್ಲಿ ನಿಮ್ಮ ಜೊತೆ ಬರಲು ಒಬ್ಬರು ಇದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಇವರಿಗೆ ಕಡಿಮೆ ಗೌರವಧನ, ಜಾಸ್ತಿ ಕೆಲಸ. ಇವರಲ್ಲಿ ಬಹಳ ಜನ ತಾವೇ ವಿಕಲಚೇತನರು, ಯಾವ ಮನೆಯಲ್ಲಿ ಏನಿದೆ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ಅವರನ್ನು ಗೌರವದಿಂದ ಕರೆದುಕೊಂಡು ಹೋಗಿ. ವಿಕಲಚೇತನರ ಸಮನ್ವಯ ಗ್ರಾಮಸಭೆ ನಡೆದಾಗ ನಮ್ಮ ಪಂಚಾಯಿತಿಯಲ್ಲಿ ಗಾರ್ಡಿಯನ್ ಇರುವವರು ಎಷ್ಟು ಜನ ಅಂತ ಕೇಳಿ. ಸಭೆಯಲ್ಲಿ ಹೆಸರು ಎತ್ತಬೇಡಿ, ಸಂಖ್ಯೆ ಮಾತ್ರ ಕೇಳಿ.

ಹಂತ 6: ಸಮಿತಿಯ ಕೆಲಸವನ್ನೂ ನೋಡಿ

ಗಾರ್ಡಿಯನ್ ಮೇಲೆ ಕಣ್ಣಿಡಬೇಕಾದ ಸಮಿತಿ ಸುಮ್ನೆ ಕೂತಿದ್ದರೆ? ಕಾಯ್ದೆ ಪ್ರಕಾರ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಅದರ ಅವಧಿ ಮೂರು ವರ್ಷ. ಇದನ್ನು ನೋಡಲು ನೀವು ಯಾರ ಸಂಬಂಧಿಯೂ ಆಗಿರಬೇಕಿಲ್ಲ, ಪತ್ರಕರ್ತರೋ ವಕೀಲರೋ ಆಗಿರಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005 ಸಾಕು.

ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು, ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಕಡತ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಇದ್ದರೆ ಐದು ದಿನದೊಳಗೆ ಅಲ್ಲಿಗೆ ಕಳಿಸುವುದು ಅವರ ಕೆಲಸ. "ಇಲ್ಲಿ ಅಲ್ಲ, ಅಲ್ಲಿ ಹೋಗಿ" ಅಂತ ನಿಮ್ಮನ್ನು ಅಲೆಸುವ ಹಾಗಿಲ್ಲ. ಹೀಗೆ ಬರೆಯಬಹುದು:

"ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಕಲಂ 13ರ ಅಡಿ ರಚಿಸಿರುವ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯ ಕುರಿತು ಕಳೆದ ಮೂರು ಹಣಕಾಸು ವರ್ಷಗಳ ಮಾಹಿತಿ ಕೋರಿದ್ದೇನೆ. ಸಮಿತಿ ರಚನೆಯ ಆದೇಶದ ಪ್ರತಿ. ನಡೆದ ಸಭೆಗಳ ದಿನಾಂಕಗಳು. ವರ್ಷವಾರು ಬಂದ, ಒಪ್ಪಿದ, ತಿರಸ್ಕರಿಸಿದ, ಬಾಕಿ ಇರುವ ಅರ್ಜಿಗಳ ಸಂಖ್ಯೆ. ಕಲಂ 16ರ ಪ್ರಕಾರ ಆಸ್ತಿ ಪಟ್ಟಿ ಸಲ್ಲಿಸಿದ ಗಾರ್ಡಿಯನ್‌ಗಳ ಸಂಖ್ಯೆ ಮತ್ತು ವಾರ್ಷಿಕ ಲೆಕ್ಕ ಸಲ್ಲಿಸಿದವರ ಸಂಖ್ಯೆ. ಸಲ್ಲಿಸದವರಿಗೆ ಕಳಿಸಿದ ನೋಟಿಸ್‌ಗಳ ಸಂಖ್ಯೆ. ಕಲಂ 17ರ ಅಡಿ ಬಂದ ದೂರುಗಳು ಮತ್ತು ತೆಗೆದುಹಾಕಿದ ಗಾರ್ಡಿಯನ್‌ಗಳ ಸಂಖ್ಯೆ. ಯಾವುದೇ ವ್ಯಕ್ತಿಯ ಹೆಸರು, ವಿಳಾಸ, ವೈದ್ಯಕೀಯ ವಿವರ ಬೇಡ."

ಕೊನೆಯ ಸಾಲನ್ನು ಬಿಡಬೇಡಿ. ವೈಯಕ್ತಿಕ ಮಾಹಿತಿ ಅಂತ ಅರ್ಜಿ ತಿರಸ್ಕರಿಸುವ ದಾರಿ ಅದರಿಂದ ಮುಚ್ಚುತ್ತದೆ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಆ ವಿಕಲಚೇತನರ ಮಾನ ನಮ್ಮ ಕುತೂಹಲಕ್ಕಿಂತ ಮೇಲು. ಸಮಿತಿಯನ್ನು ಪ್ರಶ್ನಿಸಲು ಹೋಗಿ ಅವರ ಕಾಯಿಲೆ, ಆಸ್ತಿ ಊರ ಬಾಯಿಗೆ ಬೀಳಬಾರದು.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಉತ್ತರ ಬಂದಾಗ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ನೇಮಕವಾದ ಗಾರ್ಡಿಯನ್ ಎಷ್ಟು, ಲೆಕ್ಕ ಕೊಟ್ಟವರು ಎಷ್ಟು. ಈ ಅಂತರವೇ ನಿಮ್ಮ ಮುಂದಿನ ಮನವಿಯ ವಿಷಯ. ಅದನ್ನು ಜಿಲ್ಲಾಧಿಕಾರಿಗಳಿಗೆ ಕೊಡಿ, ಸ್ಥಳೀಯ ಪತ್ರಿಕೆಗೂ ಕೊಡಿ, ಪೋಷಕರ ಸಂಘಗಳಿಗೂ ಕೊಡಿ. ಬೈಯುವ ಧಾಟಿ ಬೇಡ. ಇಂಥ ದಿನದೊಳಗೆ ಎಲ್ಲ ಗಾರ್ಡಿಯನ್‌ಗಳಿಗೆ ನೆನಪೋಲೆ ಕಳಿಸಿ, ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಲೆಕ್ಕ ಬರೆಯುವ ಶಿಬಿರ ಮಾಡಿ ಅಂತ ಕೇಳಿ. ಹೀಗೆ ಮಾಡಬಹುದಾದ ಒಂದು ಕೆಲಸ ಮುಂದಿಟ್ಟು ಕೇಳಿದರೆ ಅಧಿಕಾರಿಗಳೂ ಸ್ಪಂದಿಸುತ್ತಾರೆ.

ಹಂತ 7: ಸಂಸ್ಥೆಯೇ ಗಾರ್ಡಿಯನ್ ಆಗಿದ್ದರೆ

ಬಾಗಿಲಲ್ಲೇ ನೋಡಬೇಕಾದ್ದು ನೋಂದಣಿ ಪತ್ರ. 2016ರ ಕಾಯ್ದೆ ಪ್ರಕಾರ ವಿಕಲಚೇತನರ ಸಂಸ್ಥೆ ನೋಂದಣಿ ಇಲ್ಲದೇ ನಡೆಯುವಂತಿಲ್ಲ, ಪತ್ರವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು. ಎಷ್ಟು ಜನಕ್ಕೆ ಇದೇ ಸಂಸ್ಥೆ ಗಾರ್ಡಿಯನ್ ಅಂತ ಕೇಳಿ. ಊಟ ಕೊಡುವವರೂ ಅವರೇ, ಹಣ ನೋಡುವವರೂ ಅವರೇ, ದೂರು ಕೇಳುವವರೂ ಅವರೇ ಆದಾಗ ಹೊರಗಿನ ಕಣ್ಣು ಬೇಕೇ ಬೇಕು. ಅದೇ ಸಂಸ್ಥೆಯ ಪ್ರತಿನಿಧಿ ಜಿಲ್ಲಾ ಸಮಿತಿಯಲ್ಲೂ ಇದ್ದರೆ, ತಮ್ಮ ಸಂಸ್ಥೆಯ ಕಡತ ಬಂದಾಗ ಅವರು ಸಭೆಯಿಂದ ಎದ್ದು ಹೊರಗೆ ಇರಬೇಕು ಅಂತ ಬರೆದು ಕೇಳಿ. ನನಗಂತೂ ಇದು ಎಲ್ಲಕ್ಕಿಂತ ಕಾಡುವ ವಿಷಯ, ಯಾಕಂದರೆ ಇಲ್ಲಿ ಯಾರೂ ದುಷ್ಟರಾಗದೇ ತಪ್ಪು ನಡೆದು ಹೋಗಬಹುದು.

ಹಂತ 8: ತಪ್ಪು ಕಂಡರೆ ದೂರು ಎಲ್ಲಿಗೆ

ನೀವು ತಂದೆ ತಾಯಿ, ಸಂಬಂಧಿ, ಅಥವಾ ನೋಂದಾಯಿತ ಸಂಸ್ಥೆ ಆಗಿದ್ದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕಲಂ 17ರಲ್ಲಿ ಗಾರ್ಡಿಯನ್‌ನನ್ನು ತೆಗೆಯಲು ಸಮಿತಿಗೆ ಅರ್ಜಿ ಕೊಡಿ. ಸಮಿತಿ ಕನಿಷ್ಠ ಮೂರು ಜನರ ತನಿಖಾ ತಂಡ ಮಾಡಬೇಕು. ಕಾರಣ ಬರೆದು ತೀರ್ಮಾನ ಕೊಡಬೇಕು. ತೆಗೆದರೆ ಹೊಸಬರನ್ನು ನೇಮಿಸಬೇಕು, ಯಾರೂ ಸಿಗದಿದ್ದರೆ ಆರೈಕೆಗೆ ಬೇರೆ ವ್ಯವಸ್ಥೆ ಮಾಡಬೇಕು.

ನೀವು ಪಕ್ಕದ ಮನೆಯವರು, ಶಿಕ್ಷಕರು, ಆಶಾ ಕಾರ್ಯಕರ್ತೆ, ಕೆಲಸದವರು ಆಗಿದ್ದರೆ ಆ ಕಲಂ ನಿಮಗೆ ಸಿಗುವುದಿಲ್ಲ. ಆದರೆ 2016ರ ಕಾಯ್ದೆಯ ಕಲಂ 7 ಯಾರಿಗೆ ಬೇಕಾದರೂ ಸಿಗುತ್ತದೆ. ದೌರ್ಜನ್ಯ, ಹಿಂಸೆ, ಶೋಷಣೆ ಆಗಿದೆ, ಆಗುತ್ತಿದೆ, ಆಗಬಹುದು ಅಂತ ನಂಬಲು ಕಾರಣ ಇದ್ದರೆ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ನಮ್ಮಲ್ಲಿ ತಹಶೀಲ್ದಾರರು, ಉಪವಿಭಾಗಾಧಿಕಾರಿಗಳು ಆ ಅಧಿಕಾರ ಇರುವವರು. ಮಳವಳ್ಳಿಯಲ್ಲೋ ಹುಣಸೂರಿನಲ್ಲೋ ಇರುವವರು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಿಲ್ಲ, ತಾಲ್ಲೂಕು ಕಚೇರಿಯಲ್ಲೇ ಕೊಡಬಹುದು. ಅವರು ತಕ್ಷಣ ತಡೆಯುವ ಕ್ರಮ ತೆಗೆದುಕೊಳ್ಳಬೇಕು, ಆ ವ್ಯಕ್ತಿಯನ್ನು ಬಿಡಿಸಿ ಸುರಕ್ಷಿತ ಜಾಗಕ್ಕೆ ಕಳಿಸಲು ಆದೇಶ ಮಾಡಬಹುದು. ಹೊಡೆತ, ಲೈಂಗಿಕ ದೌರ್ಜನ್ಯ ಇದ್ದರೆ ಸಮಿತಿ ಸಭೆಗೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ. ಅದೇ 2016ರ ಕಾಯ್ದೆಯ ಕಲಂ 92ರಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ.

ದೂರು ಚಿಕ್ಕದಾಗಿರಲಿ. ಕಂಡದ್ದು, ಕೇಳಿದ್ದು ಬೇರೆ ಬೇರೆ ಬರೆಯಿರಿ. ತಾರೀಖು, ಸಮಯ, ಜಾಗ ಹಾಕಿ. ಆ ವ್ಯಕ್ತಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ನಿಮ್ಮ ಮಾತು ಸೇರಿಸಬೇಡಿ. ಜಮೀನು ಜಗಳಕ್ಕೆ ಈ ಕಲಂ ಬಳಸಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಒಂದು ಸುಳ್ಳು ದೂರು ಹೋದರೆ ಮುಂದಿನ ಹತ್ತು ನಿಜವಾದ ದೂರುಗಳನ್ನು ಅಧಿಕಾರಿಗಳು ಆಸ್ತಿ ಗಲಾಟೆ ಅಂತ ಪಕ್ಕಕ್ಕೆ ಇಡುತ್ತಾರೆ.

ಹಿರಿಯರ ವಿಷಯ ಬೇರೆ. ನೋಡಿಕೊಳ್ಳುತ್ತೇನೆ ಅಂತ ಷರತ್ತಿನ ಮೇಲೆ ಮನೆ ಬರೆಸಿಕೊಂಡು ಕೈಬಿಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಕಲಂ 23ರಲ್ಲಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಗೆ. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ, ಪಾಂಡವಪುರ. ಮೈಸೂರು ಜಿಲ್ಲೆಯಲ್ಲಿ ಮೈಸೂರು, ಹುಣಸೂರು. ಆ ಷರತ್ತು ಪತ್ರದಲ್ಲೇ ಬರೆದಿದ್ದರೆ ಕೆಲಸ ಸುಲಭ, ಬರೆಯುವ ಮುಂಚೆಯೇ ಹಿರಿಯರಿಗೆ ಇದನ್ನು ಹೇಳಿ. ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567.

ಹಂತ 9: ಯಾರೂ ಕೇಳದಿದ್ದರೆ

ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರು ಇದ್ದಾರೆ. ಹಕ್ಕು ಕಸಿದಿದ್ದಾರೆ ಅನ್ನುವ ದೂರನ್ನು ಅವರು ವಿಚಾರಿಸಬಹುದು, ಸಮಿತಿಗೋ ಇಲಾಖೆಗೋ ಶಿಫಾರಸು ಮಾಡಬಹುದು. ಶಿಫಾರಸು ಹೋದ ಮೇಲೆ ಮೂರು ತಿಂಗಳೊಳಗೆ ಏನು ಮಾಡಿದೆವು ಅಂತ ಆ ಇಲಾಖೆ ಉತ್ತರ ಕೊಡಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ವಿಕಲಚೇತನರಿಗೆ ಅಲ್ಲಿ ಆದಾಯ ಮಿತಿ ನೋಡದೇ ಉಚಿತ ವಕೀಲರನ್ನು ಕೊಡುತ್ತಾರೆ. ಗಾರ್ಡಿಯನ್ ಬೇಡ ಅಂತ ಸ್ವತಃ ಆ ವ್ಯಕ್ತಿಗೇ ಅನ್ನಿಸಿದರೆ ಅವರು ಕೂಡ ಅಲ್ಲಿಗೆ ಹೋಗಬಹುದು. ತಮಗೆ ಕೊಟ್ಟಿರುವ ಬೆಂಬಲ ವ್ಯವಸ್ಥೆಯನ್ನು ಬದಲಿಸುವ, ಬೇಡ ಅನ್ನುವ ಹಕ್ಕು 2016ರ ಕಾಯ್ದೆ ಕಲಂ 13ರಲ್ಲಿ ಅವರಿಗೇ ಇದೆ. ಇದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ನಮ್ಮ ಕೆಲಸ.

ಹಂತ 10: ಗಾರ್ಡಿಯನ್ ಬದಲಾದಾಗ

ಹಳೆಯ ಗಾರ್ಡಿಯನ್ ಹೋಗಿ ಹೊಸಬರು ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಆಗಲೇ ಒಡವೆ, ಠೇವಣಿ ಪತ್ರ ಕಾಣೆಯಾಗುವುದು. ತೆಗೆದುಹಾಕಿದ ಗಾರ್ಡಿಯನ್ ತನ್ನ ವಶದಲ್ಲಿರುವ ಎಲ್ಲ ಆಸ್ತಿಯನ್ನು ಹೊಸಬರಿಗೆ ಒಪ್ಪಿಸಬೇಕು, ಬಂದ ಖರ್ಚಾದ ಹಣಕ್ಕೆಲ್ಲ ಲೆಕ್ಕ ಕೊಡಬೇಕು, ಅದು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕಲಂ 17ರಲ್ಲೇ ಇದೆ. ಒಪ್ಪಿಸುವಾಗ ಪಟ್ಟಿ ಮಾಡಿ, ಎರಡೂ ಕಡೆಯವರ ಸಹಿ ಹಾಕಿಸಿ, ಸಾಧ್ಯವಾದರೆ ಎಂಆರ್‌ಡಬ್ಲ್ಯೂ ಅಥವಾ ಕಲ್ಯಾಣಾಧಿಕಾರಿ ಕಚೇರಿಯವರು ಎದುರಿಗೆ ಇರಲಿ. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಎಟಿಎಂ ಕಾರ್ಡು, ಚೆಕ್ ಪುಸ್ತಕ, ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್, ಇವನ್ನು ಮರೆಯಬೇಡಿ. ನಂಬರ್ ಬದಲಾಗದಿದ್ದರೆ ಓಟಿಪಿ ಇನ್ನೂ ಹಳಬರ ಫೋನಿಗೇ ಹೋಗುತ್ತಿರುತ್ತದೆ. ಹೊಸ ಆದೇಶದ ತಾರೀಖಿನಿಂದ ಆರು ತಿಂಗಳು ಎಣಿಸಿ, ಆಸ್ತಿ ಪಟ್ಟಿಯ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿ.